ನೋಟ್‌ಬುಕ್ ಮುಚ್ಚಬೇಡಿ

ಓದುಗರ ಪತ್ರ: ನಾನು ನಿವೃತ್ತ ಲೆಕ್ಕಿಗ, ವಿಜ್ಞಾನ ಓದಿದವನಲ್ಲ. ಉತ್ತರ ಧ್ರುವದ ಸಮುದ್ರದ ಮೇಲೆ ಮಂಜುಗಡ್ಡೆ ಎಷ್ಟಿದೆ ಅಂತ ಹನ್ನೊಂದು ವರ್ಷದಿಂದ ಬೇಸಿಗೆ ಪೂರ್ತಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ಗಡ್ಡೆ ಅತಿ ಕಡಿಮೆಗೆ ಇಳಿದ 2012ರ ಸೆಪ್ಟೆಂಬರಿನ ದಾಖಲೆಯನ್ನು ಆಮೇಲೆ ಯಾವ ವರ್ಷವೂ ಮುರಿದಿಲ್ಲ. ಹಾಗಾದರೆ ಕರಗುವುದು ನಿಂತಿದೆಯೇ? ಮಗನನ್ನು ಕೇಳಿದರೆ 'ಅದು ವಿಜ್ಞಾನಿಗಳ ಕೆಲಸ, ನಿಮಗ್ಯಾಕೆ?' ಅನ್ನುತ್ತಾನೆ. ನೋಟ್‌ಬುಕ್ ಮುಚ್ಚಿಡಲೇ?

ಸಂಪಾದಕರ ಉತ್ತರ: ಖಂಡಿತ ಬೇಡ. ಮಗನ ಮಾತು ಪೂರ್ತಿ ತಪ್ಪಲ್ಲ. ಉಪಗ್ರಹ ಹಾರಿಸುವವರು, ಅದು ಕಳಿಸಿದ್ದನ್ನು ಸೋಸಿ ಅಂಕಿ ಮಾಡುವವರು ವಿಜ್ಞಾನಿಗಳೇ. ನೀವು ಬರೆದುಕೊಳ್ಳುವುದೂ ಅವರು ಕೊಟ್ಟ ಸಂಖ್ಯೆಯನ್ನೇ. ಇಷ್ಟು ಹೇಳಿ ಮಗನನ್ನು ಬಿಟ್ಟುಬಿಡೋಣ.

ನನಗೆ ಗೈ ಸ್ಟೀವರ್ಟ್ ಕ್ಯಾಲೆಂಡರ್ ನೆನಪಾದರು. ಇಂಗ್ಲೆಂಡಿನ ಉಗಿಯಂತ್ರದ ಎಂಜಿನಿಯರ್. ಹವಾಮಾನ ಅವರ ಬಿಡುವಿನ ಹುಚ್ಚು. 147 ಕೇಂದ್ರಗಳ ಹಳೇ ಉಷ್ಣಾಂಶದ ಪಟ್ಟಿಗಳನ್ನು ಗುಡ್ಡೆ ಹಾಕಿಕೊಂಡು, ಕೈಲೇ ಲೆಕ್ಕ ಹಾಕಿ, 1938ರಲ್ಲಿ ರಾಯಲ್ ಮೀಟಿಯರಲಾಜಿಕಲ್ ಸೊಸೈಟಿಯ ಮುಂದಿಟ್ಟರು. ಭೂಮಿ ಬಿಸಿಯಾಗುತ್ತಿದೆ, ನಾವು ಸುಡುವ ಇಂಧನದ ಕಾರ್ಬನ್ ಡೈಆಕ್ಸೈಡ್ ಅದಕ್ಕೆ ಕಾರಣ ಅಂದರು. ಅಲ್ಲಿದ್ದ ಪಂಡಿತರು ಅನುಮಾನದಿಂದಲೇ ನೋಡಿದರು. ಕ್ಯಾಲೆಂಡರ್ ಎಡವಿದ್ದೂ ಉಂಟು. ಬಿಸಿಯಾದರೆ ಒಳ್ಳೆಯದೇ ಅಂದುಕೊಂಡಿದ್ದರು ಪುಣ್ಯಾತ್ಮ! ಆದರೆ ಲೆಕ್ಕ ನಿಂತಿತು.

ಮಂಜುಗಡ್ಡೆಯ ವಿಷಯಕ್ಕೇ ಬರೋಣ. ಜಪಾನಿನ ಸುವಾ ಸರೋವರ ಹೆಪ್ಪುಗಟ್ಟಿದ ದಿನವನ್ನು ಶಿಂಟೋ ಅರ್ಚಕರು 1443ರಿಂದ ಬರೆದಿಟ್ಟಿದ್ದಾರೆ. ಗಡ್ಡೆ ಬಿರಿದು ಏರಿ ನಿಂತ ಗೆರೆ ಅವರಿಗೆ ದೇವರು ದೇವಿಯನ್ನು ನೋಡಲು ನಡೆದುಹೋದ ದಾರಿ. ಅಲಾಸ್ಕಾದ ನೆನಾನಾದಲ್ಲಂತೂ ಜೂಜು. ನದಿಯ ಗಡ್ಡೆಯ ಮೇಲೆ ಮರದ ಚೌಕಟ್ಟು ನಿಲ್ಲಿಸಿ ದಡದ ಗಡಿಯಾರಕ್ಕೆ ತಂತಿ ಕಟ್ಟುತ್ತಾರೆ. ಗಡ್ಡೆ ಒಡೆದು ಚೌಕಟ್ಟು ಸರಿದರೆ ತಂತಿ ಎಳೆದು ಗಡಿಯಾರ ನಿಲ್ಲುತ್ತದೆ. ಸರಿಯಾದ ಗಳಿಗೆ ಊಹಿಸಿದವರಿಗೆ ಹಣ. 1917ರಲ್ಲಿ ರೈಲು ಎಂಜಿನಿಯರುಗಳು ಶುರುಮಾಡಿದ್ದು ಇನ್ನೂ ನಡೆದಿದೆ. 1964ರಲ್ಲಿ ಗಡ್ಡೆ ಒಡೆದದ್ದು ಮೇ 20ಕ್ಕೆ, 2019ರಲ್ಲಿ ಏಪ್ರಿಲ್ 14ಕ್ಕೆ. ಇವರ‍್ಯಾರೂ ವಿಜ್ಞಾನಿಗಳಲ್ಲ. ಆದರೂ ವಿಜ್ಞಾನಿಗಳು ಇವರ ಪುಸ್ತಕ ಹುಡುಕಿಕೊಂಡು ಹೋದರು. ಯಾಕೆ? ಪ್ರತಿ ಸಾಲಿಗೂ ತಾರೀಖು ಇತ್ತು.

ಈಗ ಸ್ವಲ್ಪ ಬೈಯಲೇ? ಲೆಕ್ಕಿಗರಾಗಿ ನೀವು ಇಂಥ ಪ್ರಶ್ನೆ ಕೇಳಬಾರದಿತ್ತು. ಒಂದು ವರ್ಷ ಅಂಗಡಿಗೆ ಭಾರೀ ನಷ್ಟವಾಯಿತು, ಆಮೇಲೆ ಅಷ್ಟು ದೊಡ್ಡ ನಷ್ಟ ಬರಲಿಲ್ಲ. ಅಷ್ಟಕ್ಕೇ ಅಂಗಡಿ ಸುಧಾರಿಸಿತು ಅಂತ ಸಹಿ ಹಾಕುತ್ತಿದ್ದಿರಾ? 2012ರಲ್ಲಿ ಗಡ್ಡೆ ಸುಮಾರು 34 ಲಕ್ಷ ಚದರ ಕಿಲೋಮೀಟರಿಗೆ ಇಳಿಯಿತು. 1980ರ ದಶಕದಲ್ಲಿ ಸೆಪ್ಟೆಂಬರಿನಲ್ಲೂ ಸುಮಾರು 70 ಲಕ್ಷ ಇರುತ್ತಿತ್ತು. 2012ರ ಆಗಸ್ಟಿನಲ್ಲಿ ದೊಡ್ಡ ಚಂಡಮಾರುತವೊಂದು ಬೀಸಿ, ಮೊದಲೇ ತೆಳುವಾಗಿದ್ದ ಗಡ್ಡೆಯನ್ನು ಪುಡಿಗಟ್ಟಿತ್ತು. ಅದನ್ನು ಪಕ್ಕಕ್ಕಿಟ್ಟು ಉಳಿದ ಸಾಲು ನೋಡಿ. 2007ರಿಂದ 2024ರ ತನಕ 18 ವರ್ಷ. ಉಪಗ್ರಹದ ಲೆಕ್ಕ ಶುರುವಾದ 1979ರಿಂದ 2006ರವರೆಗಿನ ಒಂದೇ ಒಂದು ವರ್ಷವೂ ಈ 18ರಲ್ಲಿ ಯಾವುದರಷ್ಟೂ ಕೆಳಗಿಳಿದಿರಲಿಲ್ಲ. ನಿಂತಿದೆ ಅಂತೀರಾ?

ಇನ್ನೊಂದು ಮಾತು. ನೀವು ಬರೆಯುವುದು ಹರವು ಮಾತ್ರ. ಸಮುದ್ರವನ್ನು ಚೌಕಗಳಾಗಿ ಹಂಚಿ, ಒಂದು ಚೌಕದಲ್ಲಿ ನೂರಕ್ಕೆ 15 ಭಾಗ ಗಡ್ಡೆ ಇದ್ದರೂ ಇಡೀ ಚೌಕವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ದಪ್ಪ ಅದರಲ್ಲಿ ಬರುವುದಿಲ್ಲ. ಹಲವು ಬೇಸಿಗೆ ಕಂಡ ಹಳೇ ಗಟ್ಟಿ ಗಡ್ಡೆ ಹೋಗಿ, ಹೋದ ಚಳಿಗಾಲದಲ್ಲಿ ಕಟ್ಟಿದ ಎಳೇ ಗಡ್ಡೆ ಬಂದು ಕೂತರೂ ನಿಮ್ಮ ಪುಟದಲ್ಲಿ ಅದೇ ಸಂಖ್ಯೆ.

'ನಿಮಗ್ಯಾಕೆ?' ಅನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ನಾನೂ ಒಂಬತ್ತು ವರ್ಷ ದಿನಾ ಬೆಳಗ್ಗೆ ಉಷ್ಣಾಂಶ ಬರೆದಿಟ್ಟು ಒಂದು ಕಚೇರಿಗೆ ಕಳಿಸಿದ್ದೆ. 'ಅಧಿಕೃತವಲ್ಲ' ಅಂತ ಒಂದೇ ಪದದ ಉತ್ತರ ಬಂತು. ಕಟ್ಟು ವಾಪಸ್ ಬರಲೇ ಇಲ್ಲ. ಈಗ ಯಾರೂ ಏನನ್ನೂ ಬರೆದಿಡುವುದಿಲ್ಲ. ಸೆಕೆ ಜಾಸ್ತಿ ಅಲ್ವಾ ಅಂತಾರೆ, ಮೊಬೈಲ್ ನೋಡ್ತಾರೆ, ಮರೀತಾರೆ. ನಮ್ಮ ಪತ್ರಿಕೆಗಳೂ ಕಡಿಮೆಯೇನಲ್ಲ. ದಾಖಲೆ ಮುರಿದರೆ ಮುಖಪುಟ, ಮುರಿಯದಿದ್ದರೆ ಮೌನ. ನೀವು 2012ನ್ನೇ ಹಿಡಿದು ಕೂತದ್ದಕ್ಕೆ ನಾವೂ ಕಾರಣ ಇರಬಹುದು.

ಅಂದಹಾಗೆ, ಬೇಸಿಗೆಯ ಪುಟಗಳನ್ನು ಮಾತ್ರ ಯಾಕೆ ತುಂಬಿಸಿದಿರಿ? ಮಾರ್ಚಿನಲ್ಲಿ ಗಡ್ಡೆ ಅತಿ ಹೆಚ್ಚು ಹರಡಿರುತ್ತದೆ. 2025ರ ಮಾರ್ಚಿನಲ್ಲಿ ಅದು 143 ಲಕ್ಷದ ಆಸುಪಾಸಿಗೆ ನಿಂತಿತು. ಉಪಗ್ರಹದ ಕಾಲದಲ್ಲಿ ಅಲ್ಲಿಯವರೆಗಿನ ಯಾವ ಚಳಿಗಾಲವೂ ಅಷ್ಟು ಬಡವಾಗಿರಲಿಲ್ಲ. ಆ ಕಾಲಂ ಕೂಡ ಶುರುಮಾಡಿ. ಹನ್ನೊಂದು ವರ್ಷದ ಪುಟಗಳ ನಕಲನ್ನು ನಮಗೂ ಕಳಿಸಿ. ಹೊಡೆದುಹಾಕಿ ತಿದ್ದಿದ ಅಂಕಿಗಳಿದ್ದರೆ ಅವನ್ನು ಹಾಗೇ ಬಿಡಿ.