ಅಂಗಡಿ ಸತ್ತರೆ ಯಾರು ಬರುತ್ತಾರೆ?

ಓದುಗರ ಪತ್ರ: "ಮೂರು ವರ್ಷ ರೈತರಿಂದ ನೇರವಾಗಿ ಬ್ಯಾಡಗಿ ಮೆಣಸಿನಕಾಯಿ ಕೊಂಡು ಮಾರುವ ಸ್ಟಾರ್ಟಪ್ ನಡೆಸಿದೆ. 2024ರ ದರ ಕುಸಿತದ ಪೆಟ್ಟಿನಿಂದ ಏಳಲಾಗದೆ ಮುಚ್ಚಿದೆ. ಅಪ್ಪನ ನಿವೃತ್ತಿ ಹಣದಲ್ಲಿ ಎಂಟು ಲಕ್ಷ ಹೋಯಿತು. ಅವರು ಒಂದು ಮಾತೂ ಅಂದಿಲ್ಲ, ಅದನ್ನೇ ತಡಕೊಳ್ಳಾಕ ಆಗವಲ್ದು. ಮದುವೆ-ಮುಂಜಿಗೆ ಹೋಗುವುದು ಬಿಟ್ಟೆ, ನಿದ್ದೆಯಿಲ್ಲ. ಉಣಕಲ್ ಕೆರೆ ದಂಡೆಯಲ್ಲಿ ಕೂತರೆ ಏಳಬೇಕು ಅನಿಸುವುದಿಲ್ಲ. ಗೋಕುಲ ರಸ್ತೆಯ ಆಫೀಸಿನ ಬೋರ್ಡು ಇನ್ನೂ ಹಾಗೇ ಇದೆ. ಎಲ್ಲರೂ ದೇಶಪಾಂಡೆಯವರ ಕಥೆ ಹೇಳುತ್ತಾರೆ. ಮತ್ತೆ ಶುರು ಮಾಡಲೋ, ಬೆಂಗಳೂರಿಗೆ ಹೋಗಿ ನೌಕರಿ ಹಿಡಿಯಲೋ?" (ಹೆಸರು ಬೇಡ, ಹುಬ್ಬಳ್ಳಿ)

ಸಂಪಾದಕರ ಉತ್ತರ:

ಕೊನೆಯ ಪ್ರಶ್ನೆ ಸದ್ಯ ಪಕ್ಕಕ್ಕಿರಲಿ. ಕೆರೆಯ ಸಾಲನ್ನು ಮೂರು ಸಲ ಓದಿದೆ. ನೇರವಾಗಿಯೇ ಕೇಳುತ್ತೇನೆ: ಅದು ದಣಿವೋ, ಜೀವವೇ ಬೇಡವೆನಿಸುವುದೋ? ಎರಡನೆಯದಾದರೆ ಈ ಪುಟ ಇಲ್ಲೇ ಮಡಚಿ 14416ಕ್ಕೆ ಫೋನ್ ಮಾಡಿ. ಸರಕಾರದ ಟೆಲಿ-ಮಾನಸ್ ಅದು, ಮನಸ್ಸಿನ ಆರೋಗ್ಯದ ಸಹಾಯವಾಣಿ. ಹಗಲು-ರಾತ್ರಿ, ಕನ್ನಡದಲ್ಲೇ, ಪುಕ್ಕಟೆ ಮಾತಾಡುತ್ತಾರೆ. ಬರೀ ದಣಿವಾದರೂ, ನಿದ್ದೆ ಇಷ್ಟು ಕೆಟ್ಟ ಮೇಲೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಒಮ್ಮೆ ಹೋಗಿಬನ್ನಿ. "ಇವನ್ನ ಧಾರವಾಡಕ್ಕ ಕಳಸ್ರಿ" ಎಂಬ ಚೇಷ್ಟೆ ಕೇಳುತ್ತಲೇ ಬೆಳೆದವರು ನಾವು, ಆ ಗೇಟು ದಾಟಲು ನಾಚಿಕೆಯಾಗುವುದು ಅದಕ್ಕೇ.

ನನ್ನದೂ ಒಂದು ಮುಚ್ಚಿದ ಅಂಗಡಿ ಇದೆ. 1994ರಲ್ಲಿ ಗದಗಿನಲ್ಲಿ ವಾರಪತ್ರಿಕೆ ಶುರು ಮಾಡಿದ್ದೆ, ಹದಿನಾಲ್ಕು ತಿಂಗಳಿಗೆ ನಿಂತಿತು. ಟ್ರೆಡಲ್ ಯಂತ್ರವನ್ನು ಲಗ್ನಪತ್ರಿಕೆ ಮುದ್ರಿಸುವವರೊಬ್ಬರು ಒಯ್ದರು. ಅಚ್ಚುಮೊಳೆಗಳನ್ನು ಯಾರೂ ಕೇಳಲಿಲ್ಲ, ಆಫ್‌ಸೆಟ್ ಬಂದಾಗಿತ್ತು. ಗುಜರಿಯವನು ತಕ್ಕಡಿ ತಂದ. ಕಕಾರಕ್ಕೊಂದು ಖಾನೆ, ಒತ್ತಕ್ಷರಗಳಿಗೆ ಬೇರೆ ಖಾನೆ ಎಂದು ವಿಂಗಡಿಸಿಟ್ಟದ್ದನ್ನೆಲ್ಲ ಒಂದೇ ಗೋಣಿಚೀಲಕ್ಕೆ ಸುರಿದು, ಸೀಸದ ತೂಕಕ್ಕೆ ಹಾಕಿಕೊಂಡ. ಪತ್ರಿಕೆಯ ಹೆಸರಿದ್ದ ಬ್ಲಾಕನ್ನು ಮಾತ್ರ ಕಿಸೆಗೆ ಇಳಿಸಿದೆ. ಆಮೇಲೆ ಆರು ತಿಂಗಳು, ಸ್ಟೇಷನ್ ರೋಡಿನಲ್ಲಿ ಪರಿಚಿತರು ಕಂಡರೆ ಸಂದಿ ಹಿಡಿದು ಹೋಗುತ್ತಿದ್ದೆ.

ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಓಣಿಗೆ ಓಣಿಯೇ ಬಂದು ಕೂಡುತ್ತದೆ. ಮೂರನೇ ದಿನ, ಹನ್ನೊಂದನೇ ದಿನ ಎಂದು ದುಃಖಕ್ಕೂ ಒಂದು ಲೆಕ್ಕ ಸಿಗುತ್ತದೆ. ಅಂಗಡಿ ಸತ್ತರೆ ಬರುವವರು ಸಾಲ ಕೊಟ್ಟವರು. ನಿಮ್ಮದು ಸೂತಕವೇ ಕಣ್ರೀ, ಮೈಲಿಗೆ ಕಳೆಯಲು ಯಾರೂ ದಿನ ಗೊತ್ತುಮಾಡಿಲ್ಲ ಅಷ್ಟೇ.

ತಪ್ಪಿನ ಲೆಕ್ಕವನ್ನೂ ನೋಡೋಣ. 2024ರ ಮಾರ್ಚ್‌ನಲ್ಲಿ ದರ ಬಿದ್ದಾಗ ಸಿಟ್ಟಿಗೆದ್ದ ರೈತರು ಬ್ಯಾಡಗಿ ಎಪಿಎಂಸಿಗೇ ನುಗ್ಗಿ ವಾಹನಗಳಿಗೆ ಬೆಂಕಿ ಇಟ್ಟಿದ್ದರು. ಆ ದರ ನಿಮ್ಮ ಕೈಯಲ್ಲಿರಲಿಲ್ಲ. ಅಪ್ಪನ ಹಣ ತಂದು ಅದರಲ್ಲಿ ಹಾಕುವುದು ಕೈಯಲ್ಲಿತ್ತು. ಇವೆರಡನ್ನೂ ಕಲಸಿ "ನಾನೇ ಕೆಟ್ಟವ" ಎಂದು ಒಂದೇ ಮೊತ್ತ ಬರೆದಿಟ್ಟಿದ್ದೀರಿ. ನಿಮ್ಮ ಲೆಕ್ಕಿಗ ಇದನ್ನು ಒಪ್ಪಲಾರ.

ದೇಶಪಾಂಡೆಯವರ ಕಥೆ ಹೇಳುವವರು ಅರ್ಧಕ್ಕೇ ನಿಲ್ಲಿಸುತ್ತಾರೆ. ಹುಬ್ಬಳ್ಳಿಯಲ್ಲಿ ಹುಟ್ಟಿದ ಗುರುರಾಜ ದೇಶಪಾಂಡೆ ಅಮೆರಿಕದಲ್ಲಿ ಜೊತೆಗಾರರೊಂದಿಗೆ ಕಟ್ಟಿದ ಸಿಕಮೋರ್ ಎಂಬ ಕಂಪನಿ 1999ರಲ್ಲಿ ಷೇರು ಪೇಟೆಗೆ ಬಂದಾಗ ದೊಡ್ಡ ಸುದ್ದಿ. ಅದೇ ಕಂಪನಿಯನ್ನು ವಿಸರ್ಜಿಸಲು 2013ರಲ್ಲಿ ಷೇರುದಾರರೇ ಮತ ಹಾಕಿದರು. ಕಂಪನಿ ಹೋಯಿತು, ಮನುಷ್ಯ ಹೋಗಲಿಲ್ಲ. ಊರಲ್ಲಿ ಇದನ್ನು ಯಾಕೋ ಹೇಳುವುದಿಲ್ಲ.

ಕಾಗದ-ಪತ್ರದ ಕೆಲಸಕ್ಕೆ ಈಗಲೇ ಕೈಹಾಕಿ. ಜಿಎಸ್‌ಟಿ ನೋಂದಣಿ ರದ್ದಾದ ಮೂರು ತಿಂಗಳೊಳಗೆ ಕೊನೆಯ ರಿಟರ್ನ್ ಸಲ್ಲಿಸಬೇಕು. ನಿಮ್ಮದು ಪ್ರೈವೇಟ್ ಲಿಮಿಟೆಡ್ ಆಗಿದ್ದರೆ, ಬಾಕಿಯೆಲ್ಲ ಚುಕ್ತಾ ಆದ ಮೇಲೆ ಎಸ್‌ಟಿಕೆ-2 ಅರ್ಜಿ ಹಾಕಿ ಕಂಪನಿಯ ಹೆಸರನ್ನು ದಾಖಲೆಯಿಂದ ತೆಗೆಸಬಹುದು. ಬ್ಯಾಂಕಿಗೆ ನೀವು ವೈಯಕ್ತಿಕ ಜಾಮೀನು ಬರೆದುಕೊಟ್ಟಿದ್ದರೆ ಆ ಸಾಲ ನಿಮ್ಮ ಹೆಗಲಿಗೇ, ಅದನ್ನು ಮೊದಲು ನೋಡಿಸಿ.

ಅಪ್ಪನ ಮೌನ ನಿಮಗೆ ಸಿಟ್ಟಿನ ಹಾಗೆ ಕೇಳುತ್ತಿದೆ. ಮಗ ಊಟದ ತಾಟಿನಿಂದ ತಲೆ ಎತ್ತದಿರುವಾಗ ಅವರಾದರೂ ಏನು ಮಾತಾಡಿಯಾರು? ನಮ್ಮ ಮನೆಗಳಲ್ಲಿ ಗಂಡಸರು ಮನಸ್ಸಿನ ಮಾತಿಗಿಂತ ರೊಕ್ಕದ ಮಾತನ್ನು ಸಲೀಸಾಗಿ ಆಡುತ್ತಾರೆ. ಲೆಕ್ಕದ ವಹಿ ಒಯ್ದು ಅವರ ಮುಂದೆ ಬಿಚ್ಚಿ. ಎಂಟು ಲಕ್ಷ ಎಲ್ಲೆಲ್ಲಿ ಹೋಯಿತೆಂದು ಪುಟ ಪುಟ ತೋರಿಸಿ, ಉಳಿದದ್ದು ತಾನಾಗಿ ಬಾಯಿಗೆ ಬರುತ್ತದೆ.

ಆ ಮೇಲೆ ಬೋರ್ಡು. ಒಬ್ಬರೇ ಹೋಗಿ ಇಳಿಸಬೇಡಿ, ಅವರನ್ನೂ ಕರೆದುಕೊಂಡು ಹೋಗಿ. ಏಣಿ ಹಿಡಿಯಲು ಹೇಗಿದ್ದರೂ ಒಬ್ಬರು ಬೇಕು.