ಮಕ್ಕಳನ್ನು ಮೂರು ಗುಂಪು ಮಾಡಬೇಡಿ

ಮೇಡಂ, ನಾಲ್ಕನೇ ತರಗತಿಯವರನ್ನು ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಂದು ವಿಂಗಡಿಸಿ ಭಿನ್ನರಾಶಿ ಕಲಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಹಾಗೆ ಕಲಿಸಿದರೆ ಕಲಿಕೆ ಹೆಚ್ಚುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆಯಿಲ್ಲ ಎಂದು 2008ರಲ್ಲೇ ಅಮೆರಿಕದ ಮನೋವಿಜ್ಞಾನಿಗಳ ತಂಡವೊಂದು ಹಳೆಯ ಅಧ್ಯಯನಗಳನ್ನು ಜಾಲಾಡಿ ಹೇಳಿದೆ. ಬುದ್ಧಿ ಒಂದೇ ಅಲ್ಲ, ಭಾಷೆ, ಗಣಿತ, ಸಂಗೀತ ಹೀಗೆ ಹಲವು ಬಗೆಯದು ಎನ್ನುವ ಬಹುಬುದ್ಧಿಮತ್ತೆಯ ಸಿದ್ಧಾಂತವನ್ನು 1983ರಲ್ಲಿ ಮುಂದಿಟ್ಟ ಅಮೆರಿಕದ ಮನೋವಿಜ್ಞಾನಿ ಹೊವಾರ್ಡ್ ಗಾರ್ಡ್ನರ್ ಕೂಡ ಅದನ್ನು ಇಂಥ ‘ಕಲಿಕಾ ಶೈಲಿ’ಯ ವಿಂಗಡಣೆಯೊಂದಿಗೆ ಬೆರೆಸಬೇಡಿ ಎಂದಿದ್ದಾರೆ.

ಯಾವ ದಾರಿ ಹಿಡಿಯಬೇಕೆಂದು ಪಾಠವೇ ಹೇಳುತ್ತದೆ. ಭಿನ್ನರಾಶಿಗೆ ಎಲ್ಲರ ಕೈಗೂ ಒಂದೇ ಅಳತೆಯ ಹಾಳೆ ಕೊಡಿ. ಅರ್ಧಕ್ಕೆ ಮಡಚಲಿ, ಮತ್ತೆ ಅರ್ಧಕ್ಕೆ ಮಡಚಲಿ, ಬಿಡಿಸಿ ಭಾಗಗಳನ್ನು ಎಣಿಸಲಿ. ಒಂದಕ್ಕೆ ಬಣ್ಣ ಹಚ್ಚಿ, ‘ಕಾಲು’ ಎಂದು ಬಾಯಿಬಿಟ್ಟು ಹೇಳಿ, 1/4 ಎಂದು ಬರೆಯಲಿ. ನೋಡುವುದು, ಕೇಳುವುದು, ಮಾಡುವುದು ಎಲ್ಲವೂ ಅದರಲ್ಲೇ ಬಂತು.

ನಾಲ್ಕಕ್ಕಿಂತ ಎಂಟು ದೊಡ್ಡದು, ಆದ್ದರಿಂದ 1/4ಕ್ಕಿಂತ 1/8 ದೊಡ್ಡದು ಎಂದು ನನ್ನ ತರಗತಿಯಲ್ಲಿ ಒಬ್ಬ ಹುಡುಗ ಹಟ ಹಿಡಿದಿದ್ದ. ಮೂರನೇ ಸಲ ಮಡಚಿ, ಬಿಡಿಸಿ, ಒಂದು ಭಾಗವನ್ನು ಕತ್ತರಿಸಿ ಪಕ್ಕದವಳ ಕಾಲುಭಾಗದ ಮೇಲಿಟ್ಟ. ಸ್ವಲ್ಪ ಹೊತ್ತು ನೋಡಿದ. ಆಮೇಲೆ ತಾನೇ ಎದ್ದು ಬಂದು ಕಪ್ಪುಹಲಗೆಯ ಮೇಲಿನ ಉತ್ತರವನ್ನು ಅಳಿಸಿದ.

ಹಾಡುವ ಮಗುವಿಗೆ ಹಾಡಲು ಖಂಡಿತ ಅವಕಾಶ ಕೊಡಿ. ಆದರೆ ಹಾಳೆ ಮಡಚುವುದನ್ನು ಅದಕ್ಕೂ ತಪ್ಪಿಸಬೇಡಿ.