ಸಫಾರಿ ನಿರಾಸೆ: ಯಾವುದಕ್ಕೆ ಹಣ ವಾಪಸು ಕೇಳಬಹುದು?

ಪ್ರಶ್ನೆ: ನವೆಂಬರ್ ಕೊನೆಯ ವಾರ ನಾವು ದಂಪತಿ ಕೆನ್ಯಾದ ಮಸಾಯಿ ಮಾರಾ ವನ್ಯಧಾಮಕ್ಕೆ ಹೋಗಿದ್ದೆವು. ನೈರೋಬಿಯ ಟೂರ್ ಸಂಸ್ಥೆಯೊಂದಕ್ಕೆ ಪೂರ್ತಿ ಹಣವನ್ನು ಮೊದಲೇ ಬ್ಯಾಂಕ್ ಮೂಲಕ ಕಳುಹಿಸಿದ್ದೆವು. ನಮ್ಮಿಬ್ಬರಿಗಷ್ಟೇ ಲ್ಯಾಂಡ್ ಕ್ರೂಸರ್ ಎಂದವರು, ಬೇರೆ ಪ್ರವಾಸಿಗರು ತುಂಬಿದ್ದ ಹಳೆಯ ವ್ಯಾನಿನಲ್ಲಿ ಕೂರಿಸಿದರು. ಎದ್ದುನಿಂತು ಪ್ರಾಣಿಗಳನ್ನು ನೋಡಲೆಂದು ಮೇಲೆತ್ತುವ ಅದರ ಚಾವಣಿ ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಮೊದಲು ಚಾಲಕ ಬರುತ್ತಲೇ ಇರಲಿಲ್ಲ. ವೈಲ್ಡ್‌ಬೀಸ್ಟ್ ಎಂಬ ದೊಡ್ಡ ಹುಲ್ಲೆಗಳ ಹಿಂಡು ನದಿ ದಾಟುವುದನ್ನು ಖಂಡಿತ ತೋರಿಸುತ್ತೇವೆ ಎಂದಿದ್ದರು. ಅದೂ ಇಲ್ಲ, ಚಿರತೆಯೂ ಇಲ್ಲ. ಹಣ ವಾಪಸು ಕೇಳಬಹುದೇ?
– ಹೆಸರು ಬೇಡ

ಉತ್ತರ: ಕೇಳಬಹುದು, ಆದರೆ ಎಲ್ಲಕ್ಕೂ ಅಲ್ಲ. ನಿಮ್ಮ ಪತ್ರದಲ್ಲಿ ಕಾಡಿನ ಮೇಲಿನ ಬೇಸರವೂ ಸಂಸ್ಥೆಯ ಮೇಲಿನ ದೂರೂ ಬೆರೆತುಹೋಗಿವೆ. ಹೀಗೆಯೇ ಬರೆದು ಕಳುಹಿಸಿದರೆ ‘ಪ್ರಾಣಿಗಳು ನಮ್ಮ ಮಾತು ಕೇಳುವುದಿಲ್ಲ’ ಎಂಬ ಒಂದೇ ಸಾಲಿನಲ್ಲಿ ಅವರು ನುಣುಚಿಕೊಳ್ಳುತ್ತಾರೆ. ಚಿರತೆ ಕಾಣದ್ದಕ್ಕೆ ಯಾರೂ ಹೊಣೆಯಲ್ಲ.

ವೈಲ್ಡ್‌ಬೀಸ್ಟ್ ಮಾತು ಬೇರೆ. ಮಳೆಯನ್ನೂ ಹುಲ್ಲನ್ನೂ ಹಿಂಬಾಲಿಸುವ ದೊಡ್ಡ ಹಿಂಡುಗಳು ಸಾಮಾನ್ಯವಾಗಿ ಜುಲೈಯಿಂದ ಅಕ್ಟೋಬರ್‌ವರೆಗೆ ಮಾರಾದಲ್ಲಿದ್ದು, ನವೆಂಬರ್ ಮಳೆಯ ಹೊತ್ತಿಗೆ ದಕ್ಷಿಣಕ್ಕೆ, ಟಾಂಜಾನಿಯಾದ ಸೆರೆಂಗೆಟಿಯತ್ತ ಹೊರಟುಬಿಡುತ್ತವೆ. ಆಗಸ್ಟ್‌ನಲ್ಲಿಯೂ ದಡದಲ್ಲಿ ಗಂಟೆಗಟ್ಟಲೆ ಜಮಾಯಿಸಿದ ಹಿಂಡು ನೀರಿಗಿಳಿಯದೆ ಹಿಂದಿರುಗುವುದುಂಟು. ಹಾಗಿರುವಾಗ ನವೆಂಬರ್ ಕೊನೆಗೆ ‘ಖಂಡಿತ’ ಎಂದವರು ಒಂದೋ ತಿಳಿಯದವರು, ಇಲ್ಲವೇ ತಿಳಿದೂ ಹೇಳಿದವರು. ಆ ಭರವಸೆ ಇಮೇಲ್‌ನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಇದ್ದರೆ ಅದನ್ನು ಜೋಪಾನವಾಗಿಡಿ.

ನಿಮ್ಮ ಬಲವಾದ ದೂರುಗಳು ವಾಹನ ಮತ್ತು ಸಮಯದವು. ಗಿರಾಕಿಗಳು ಸಾಲದಾದಾಗ ಒಂದು ಸಂಸ್ಥೆ ತನ್ನವರನ್ನು ಇನ್ನೊಬ್ಬರ ವ್ಯಾನಿಗೆ ಸೇರಿಸುವುದು ಈ ವ್ಯಾಪಾರದಲ್ಲಿ ಹೊಸದಲ್ಲ. ಮೊದಲೇ ತಿಳಿಸಿ, ಹಂಚಿಕೊಂಡು ಹೋಗುವ ದರವನ್ನಷ್ಟೇ ಪಡೆದರೆ ತಪ್ಪೂ ಅಲ್ಲ. ನಿಮ್ಮಿಂದ ಪ್ರತ್ಯೇಕ ವಾಹನದ ದರ ಪಡೆದಿದ್ದಾರೆ, ಆದ್ದರಿಂದ ಎರಡರ ವ್ಯತ್ಯಾಸ ನಿಮಗೆ ಸಲ್ಲಬೇಕು. ಇನ್ನು ಒಂಬತ್ತು ಗಂಟೆಯ ಚಾಲಕ: ನನ್ನ ಮಟ್ಟಿಗೆ ನಿಮ್ಮ ಇಡೀ ಪ್ರವಾಸವನ್ನು ಕೆಡಿಸಿದ್ದು ಅವನೇ. ಸಿಂಹವಾಗಲಿ ಚೀತಾ ಆಗಲಿ ಹೆಚ್ಚಾಗಿ ಚಟುವಟಿಕೆಯಿಂದಿರುವುದು ನಸುಕಿನಲ್ಲಿ. ಬಿಸಿಲೇರಿದ ಮೇಲೆ ಪೊದೆಯ ನೆರಳಿನಲ್ಲಿ ಬಾಲದ ತುದಿಯಷ್ಟೇ ಕಂಡರೆ ಅದೇ ಪುಣ್ಯ. ಮೇಲಾಗಿ ಮಾರಾದ ಪ್ರವೇಶ ಟಿಕೆಟ್ ನಡೆಯುವುದು ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಮಾತ್ರ, ಮತ್ತು 2024ರಿಂದ ಜುಲೈ–ಡಿಸೆಂಬರ್ ಅವಧಿಗೆ ವಿದೇಶಿ ವಯಸ್ಕರಿಗೆ ಅದು ದಿನಕ್ಕೆ 200 ಡಾಲರ್. ಚಾಲಕ ಮಲಗಿದ್ದಷ್ಟು ಹೊತ್ತೂ ಖರ್ಚಾದದ್ದು ನಿಮ್ಮ ಟಿಕೆಟ್. ಪ್ರತಿದಿನದ ಶುಲ್ಕ ಕಟ್ಟಿದ ರಸೀದಿಯ ಪ್ರತಿಯನ್ನೂ ಕೇಳಿ. ಕೊಡಲು ಮೀನಮೇಷ ಎಣಿಸಿದರೆ ಅದನ್ನೂ ದೂರಿನಲ್ಲಿ ನಮೂದಿಸಿ.

ಕಾರ್ಡಿನಲ್ಲಿ ಪಾವತಿಸಿದ್ದರೆ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್, ಅಂದರೆ ಬ್ಯಾಂಕ್ ಮೂಲಕವೇ ಹಣ ಹಿಂಪಡೆಯುವ ವ್ಯವಸ್ಥೆ, ಕೋರಬಹುದಿತ್ತು. ನೇರ ವರ್ಗಾವಣೆಗೆ ಆ ಅನುಕೂಲವಿಲ್ಲ. ಮೊದಲು ಸಂಸ್ಥೆಗೇ ಬರೆದು ಎರಡು ವಾರ ಗಡುವು ಕೊಡಿ. ಉತ್ತರ ಬಾರದಿದ್ದರೆ, ಅಲ್ಲಿನ ಟೂರ್ ಸಂಸ್ಥೆಗಳಿಗೆ ಪರವಾನಗಿ ನೀಡುವ ಕೆನ್ಯಾದ ಪ್ರವಾಸೋದ್ಯಮ ನಿಯಂತ್ರಣ ಪ್ರಾಧಿಕಾರಕ್ಕೂ, ಆ ಸಂಸ್ಥೆ ಸದಸ್ಯನಾಗಿದ್ದರೆ ‘ಕಾಟೊ’ ಎಂದು ಕರೆಯುವ ಕೆನ್ಯಾ ಟೂರ್ ಆಪರೇಟರ್‌ಗಳ ಸಂಘಕ್ಕೂ ಅದೇ ದೂರನ್ನು ಕಳುಹಿಸಿ. ಸದಸ್ಯತ್ವದ ಲಾಂಛನ ಜಾಲತಾಣದಲ್ಲಿದೆ ಎಂದ ಮಾತ್ರಕ್ಕೆ ನಂಬದೆ, ಸಂಘದ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡಿಕೊಳ್ಳಿ. ಪತ್ರದಲ್ಲಿ ಸಿಟ್ಟಿಗಿಂತ ಲೆಕ್ಕ ಮುಂದಿರಲಿ: ಒಪ್ಪಂದದ ಸಾಲು, ಅಂದು ನಡೆದದ್ದು, ಚಾವಣಿಯ ಫೋಟೊ, ಕೇಳುತ್ತಿರುವ ಮೊತ್ತ. ಪೂರ್ತಿ ಹಣ ಬರುವುದು ಕಷ್ಟ. ವಾಹನದ ವ್ಯತ್ಯಾಸ ಮತ್ತು ಕಳೆದುಹೋದ ಬೆಳಗಿನ ಸುತ್ತುಗಳಿಗೆ ಒಂದು ಪಾಲು ಎಂದು ಕೇಳಿದರೆ, ಕೊಡದಿರಲು ಅವರಿಗೆ ನೆಪ ಸಿಗುವುದು ಕಷ್ಟ.